ಒಂದು ಕುದುರೆ, ಒಂದು ಕೋಟು ದಂಡ

ಮೇದೆರ್‌ಗೆ ಬೈಯಲು ಬರುತ್ತಿರಲಿಲ್ಲ.

ನಾರಿನ್ ಪಟ್ಟಣದ ಹೊರಗೆ, ಚೀನಾ ಗಡಿಗೆ ಹೋಗುವ ಲಾರಿಗಳ ರಸ್ತೆಯಲ್ಲಿ ಅವನದೊಂದು ಟೈರ್ ರಿಪೇರಿ ಅಂಗಡಿ ಇತ್ತು. ಲಾರಿಯವರು ಸರದಿ ಮುರಿದು ನುಗ್ಗಿದರೂ, ಅವನ ಕಣ್ಣೆದುರೇ ಅವನ ಜಾಕು ಎತ್ತಿಕೊಂಡು ಹೋದರೂ, "ಹಾಗೆಲ್ಲ ಮಾಡಬಾರದಲ್ವಾ" ಎಂದು ಹೇಳಿ ಸುಮ್ಮನಾಗುತ್ತಿದ್ದ. ಮನೆಗೆ ಬೇಕಾದಷ್ಟು ಬೈಗುಳವನ್ನು ಹೆಂಡತಿ ಸೈರಾ ಒಬ್ಬಳೇ ಒದಗಿಸುತ್ತಿದ್ದಳು. ಇಷ್ಟು ವರ್ಷ ಅದು ಸಾಕಾಗಿತ್ತು. ಆಮೇಲೆ ಬೆಕ್ತೆನ್ ಬಂದ.

ಬೆಕ್ತೆನ್ ಅವರ ಹಿರಿಯ ಮಗ. ಹದಿನೈದು ವರ್ಷ. ಹಾಲು ಬಿಟ್ಟ ಕೂಡಲೇ ಮೇದೆರ್‌ನ ಅಪ್ಪ ಅಸನ್‌ಕುಲ್ ಬಂದು, ಚಹಾ ಕುಡಿದು, ಕೂಸನ್ನು ತನ್ನ ಕೋಟಿನೊಳಗೆ ಸುತ್ತಿಕೊಂಡು, ಕುದುರೆ ಹತ್ತಿ ಹಳ್ಳಿಗೆ ಹೋಗಿದ್ದ. ಅಲ್ಲಿಯ ರೂಢಿಯಂತೆ ಮೊದಲ ಕೂಸು ಅಜ್ಜ ಅಜ್ಜಿಯದು. ಇದರಲ್ಲಿ ಕೇಳುವುದೂ ಇಲ್ಲ, ಕೊಡುವುದೂ ಇಲ್ಲ. ಕುದುರೆ ಗೇಟು ದಾಟುವವರೆಗೆ ಸೈರಾ ನಗುತ್ತ ನಿಂತಿದ್ದಳು. ಆಮೇಲೆ ಒಳಗೆ ಹೋಗಿ, ಇದ್ದ ಪಾತ್ರೆಗಳನ್ನೆಲ್ಲ ಇನ್ನೊಮ್ಮೆ ತೊಳೆದಳು. ಹೀಗೆ ಬೆಳೆದ ಮಕ್ಕಳು ಅಜ್ಜನನ್ನು ಅಪ್ಪ ಎನ್ನುತ್ತವೆ. ಹೆತ್ತವರನ್ನು ಅಣ್ಣ, ಅತ್ತಿಗೆ ಎನ್ನುತ್ತವೆ.

ಈ ವಸಂತದಲ್ಲಿ ಅಜ್ಜಿ ತೀರಿಕೊಂಡಳು. ಬೇಸಿಗೆ ಪೂರ್ತಿ ಅಜ್ಜ ಮೊಮ್ಮಗ ಇಬ್ಬರೂ ಸುಟ್ಟ ರೊಟ್ಟಿ ತಿಂದರು. ಶಾಲೆ ಶುರುವಾಗುವ ಹೊತ್ತಿಗೆ ಅಸನ್‌ಕುಲ್ ಫೋನು ಮಾಡಿ, "ಹುಡುಗನ್ನ ಕಳಿಸ್ತಿದೀನಿ. ನನ್ನ ಅಡುಗೇಲಿ ಅವನು ಬೆಳೆಯಲ್ಲ," ಎಂದ.

ಬೆಕ್ತೆನ್ ಒಂದು ಹಾಸಿಗೆಯ ಗಂಟು, ಅಜ್ಜಿಯ ಚಹಾ ಪಾತ್ರೆ ಹಿಡಿದುಕೊಂಡು ಐದನೇ ಮಹಡಿ ಹತ್ತಿ ಬಂದ. ಹೆಣ್ಣು ನೋಡಲು ಬಂದ ಬೀಗರ ಹಾಗೆ ಮನೆಯನ್ನೆಲ್ಲ ಒಂದು ಸಲ ನೋಡಿದ. ನಂತರ ನೇರ ಹೋಗಿ, ಬಾಗಿಲಿಗೆ ಎದುರಾಗಿ, ಮನೆಯ ಹಿರಿಯರು ಮಾತ್ರ ಕೂರುವ ಜಾಗದಲ್ಲಿ ಚಕ್ಕಳಮಕ್ಕಳ ಹಾಕಿ ಕೂತ. ಅಲ್ಲಿ ಕೂರಲು ಹೊರಟಿದ್ದ ಮೇದೆರ್ ಗೋಡೆಯ ಪಕ್ಕಕ್ಕೆ ಸರಿದುಕೊಂಡ.

ಸೈರಾ ಚಹಾ ಬಗ್ಗಿಸಿ ಕೊಟ್ಟಳು. ಬೆಕ್ತೆನ್ ಬಟ್ಟಲನ್ನು ನೋಡಿದ.

"ಅಂಚಿನವರೆಗೂ ತುಂಬಿದೀರಲ್ಲ ಅತ್ತಿಗೆ. ಕುಡಿದು ಬೇಗ ಜಾಗ ಖಾಲಿ ಮಾಡು ಅಂತಾನಾ?"

ಅತಿಥಿಗೆ ಅರ್ಧ ಬಟ್ಟಲು ಕೊಡಬೇಕೆಂಬುದು ಸೈರಾಗೆ ಗೊತ್ತಿಲ್ಲದ್ದೇನಲ್ಲ. ಮಗನಿಗೆ ಎಂದು ತುಂಬಿದ್ದಳು. ಅವಳು ಅರ್ಧ ಚಹಾವನ್ನು ತನ್ನ ಬಟ್ಟಲಿಗೆ ಬಗ್ಗಿಸಿಕೊಂಡಳು.

ಆರು ವರ್ಷದ ಮಗಳು ನುರಾಯ್ ಮೇದೆರ್‌ನ ತೋಳು ಎಳೆದು, "ಅಪ್ಪಾ, ಈ ತಾತ ಯಾರು?" ಎಂದು ಕೇಳಿದಳು.

"ತಾತ ಅಲ್ಲ ಮರಿ," ಎಂದ ಬೆಕ್ತೆನ್ ಗಂಭೀರವಾಗಿ. "ನಾನು ನಿಮ್ಮಪ್ಪನ ತಮ್ಮ. ನಿಂಗೆ ಚಿಕ್ಕಪ್ಪ ಆಗ್ಬೇಕು."

ಅದಾದ ಮೇಲೆ ಮನೆ ಬೆಕ್ತೆನ್‌ನ ಲೆಕ್ಕದಲ್ಲಿ ನಡೆಯಿತು. ಅವನು ಕೆಟ್ಟವನಾಗಿದ್ದರೆ ಸುಲಭವಿತ್ತು. ಸಿಗರೇಟು ಸೇದುತ್ತಿರಲಿಲ್ಲ, ಕಳ್ಳತನ ಮಾಡುತ್ತಿರಲಿಲ್ಲ. ಆದರೆ ಯಾರು ಹೇಳಿದ್ದನ್ನೂ ಕೇಳುತ್ತಿರಲಿಲ್ಲ, ಯಾಕೆಂದರೆ ಹೇಳುವುದು ತನ್ನ ಕೆಲಸ ಎಂದು ತಿಳಿದಿದ್ದ. ರೊಟ್ಟಿ ತರಲು ಅಂಗಡಿಗೆ ಹೋಗು ಎಂದರೆ, "ನಂಗೆ ಮೊಣಕಾಲು ನೋವು" ಎನ್ನುತ್ತಿದ್ದ. ಅದು ಅಸನ್‌ಕುಲ್‌ನ ಮೊಣಕಾಲಿನ ನೋವು. ಇವನಿಗೆ ಮಾತು ಮಾತ್ರ ಬಂದಿತ್ತು. ತಡವಾಗಿ ಎದ್ದು, ಮೊದಲ ಪಾಠ ಮುಗಿದ ಮೇಲೆ ಶಾಲೆಗೆ ಹೋಗಿ, ಬಾಗಿಲಲ್ಲೇ ನಿಂತು ಗಣಿತದ ಮೇಷ್ಟ್ರಿಗೆ, "ಕೂತ್ಕೊಳ್ಳಿ, ಕೂತ್ಕೊಳ್ಳಿ. ನನಗೋಸ್ಕರ ನಿಲ್ಲಿಸ್ಬೇಡಿ," ಎನ್ನುತ್ತಿದ್ದ. ಸೈರಾ ಬೈದರೆ ತಾಳ್ಮೆಯಿಂದ ಕೇಳಿಸಿಕೊಂಡು, "ರಕ್ತದೊತ್ತಡ ಏರುತ್ತೆ ಅತ್ತಿಗೆ. ಒಂದು ಲೋಟ ನೀರು ಕುಡೀರಿ," ಎನ್ನುತ್ತಿದ್ದ.

"ನಾನು ಬೈದ್ರೆ ನನಗೇ ಔಷಧಿ ಹೇಳ್ತಾನೆ," ಎಂದಳು ಸೈರಾ ಗಂಡನಿಗೆ. "ನೀನು ಬೈ. ಎಷ್ಟಾದ್ರೂ ಅಪ್ಪ."

"ಬೈತೀನಿ," ಎಂದ ಮೇದೆರ್. ಚಳಿಗಾಲ ಹತ್ತಿರ ಬಂದರೂ ಬೈದಿರಲಿಲ್ಲ.

ಆಗ ಶಾಲೆಯಿಂದ ಫೋನು ಬಂತು. ಮುಖ್ಯೋಪಾಧ್ಯಾಯಿನಿ ತಾಜಿಗುಲ್ ಮೇಡಂ ಮಾತಾಡಿದರು. ಒಂಬತ್ತನೇ ತರಗತಿಯ ಅದಿಲ್ ಎಂಬ ಹುಡುಗ, ಸಮತ್ ಎಂಬ ಸಣ್ಣ ಹುಡುಗನ ಬಿಳಿ ಟೋಪಿ ಕಿತ್ತು ಕಕ್ಕಸಿನ ಗುಂಡಿಗೆ ಎಸೆದಿದ್ದ. ದೂರು ಮೇಷ್ಟ್ರ ಬಳಿ ಬರುವ ಬದಲು ಬೆಕ್ತೆನ್ ಬಳಿ ಹೋಗಿತ್ತು. ಬೆಕ್ತೆನ್ ಬಾಯ್ಲರ್ ಕೋಣೆಯ ಹಿಂದೆ ಕಲ್ಲಿದ್ದಲ ಬಕೆಟ್ಟುಗಳನ್ನು ಬೋರಲು ಹಾಕಿಸಿ, ಅವುಗಳ ಮೇಲೆ ಹುಡುಗರನ್ನು ಹಿರಿಯರೆಂದು ಕೂರಿಸಿ, ಪಂಚಾಯ್ತಿ ನಡೆಸಿದ್ದ. ಹಳ್ಳಿಯಲ್ಲಿ ಹಿರಿಯರ ಪಂಚಾಯ್ತಿಗೆ ಅಸನ್‌ಕುಲನೇ ಮುಖ್ಯಸ್ಥ. ಬೆಕ್ತೆನ್ ನಡೆಯಲು ಬರುವ ಮೊದಲೇ ಅವನ ತೊಡೆಯ ಮೇಲೆ ಕೂತು ಅದನ್ನೆಲ್ಲ ಕೇಳಿ ಬೆಳೆದವನು. ಟೋಪಿ ಎಂದರೆ ಗಂಡಸಿನ ಮರ್ಯಾದೆ. ಒಬ್ಬನ ಮರ್ಯಾದೆ ಕಳೆದವನು ಒಂದು ಕುದುರೆ, ಒಂದು ಕೋಟು ದಂಡ ಕೊಡಬೇಕು. ಅದಿಲ್ ಬಳಿ ಕುದುರೆ ಇರಲಿಲ್ಲ. ಹಾಗಾಗಿ ಅವನ ಸೈಕಲ್ಲು, ಅವನ ಜಾಕೆಟ್ಟು ಸಮತ್‌ಗೆ ಹೋದವು. ಎಲ್ಲಕ್ಕಿಂತ ವಿಚಿತ್ರವೆಂದರೆ ಅದಿಲ್ ಎದುರು ಮಾತಾಡದೆ ಕೊಟ್ಟಿದ್ದ. ಬೆಕ್ತೆನ್‌ನ ಗಂಟಲಲ್ಲಿ ಅದಿಲ್‌ಗೆ ತನ್ನ ಸ್ವಂತ ಅಜ್ಜನ ದನಿಯೇ ಕೇಳಿಸಿತಂತೆ. ಸಮತ್‌ನ ಅಣ್ಣ ಅದೇ ಸೈಕಲ್ ತೆಗೆದುಕೊಂಡು ಹೋಗಿ ಕಲ್ಲಿದ್ದಲು ಲಾರಿಯ ಕೆಳಗೆ ಹಾಕಿ, ತಾನು ಹಾರಿ ಬದುಕಿಕೊಂಡಿದ್ದ.

"ಅದಿಲ್‌ನ ಅಪ್ಪ ಬೊಲೊತ್‌ಬೆಕ್ ಇದಾರಲ್ಲ, ಗಡಿಯಲ್ಲಿ ಸರಕು ಬಿಡಿಸೋರು, ಅವರು ಇದನ್ನ ಸುಲಿಗೆ ಅಂತಿದಾರೆ," ಎಂದರು ತಾಜಿಗುಲ್ ಮೇಡಂ. "ಪೊಲೀಸಿಗೆ ಹೋಗ್ತಾರಂತೆ. ಹೋದ್ರೆ ಹುಡುಗ ಸುಧಾರಣಾ ಶಾಲೆಗೆ ಹೋಗ್ತಾನೆ, ಅದು ದೂರ, ಅಲ್ಲಿಂದ ಯಾರೂ ಸುಧಾರಿಸಿ ಬಂದಿಲ್ಲ. ನಾಳೆ ಅವನ ಅಪ್ಪ ಬಂದು ನನ್ನೆದುರು ಹೊಣೆ ಹೊತ್ಕೊಂಡು ಒಪ್ಪಂದ ಮಾಡ್ಕೊಂಡ್ರೆ ಉಳೀತಾನೆ. ಅಪ್ಪ ಬರಬೇಕು. ತಿಳೀತಾ?"

"ತಿಳೀತು," ಎಂದ ಮೇದೆರ್.

ಆ ಮಧ್ಯಾಹ್ನ ಅವನು ಅಂಗಡಿಯಲ್ಲಿ ಬೈಯುವುದನ್ನು ಅಭ್ಯಾಸ ಮಾಡಿದ. ಎದುರಿಗೆ ಒಂದು ಲಾರಿ ಟೈರು ನಿಲ್ಲಿಸಿಕೊಂಡ. "ಏಯ್, ನಿನಗೆ ನಾಚಿಕೆ ಇದೆಯಾ," ಎಂದ. ಟೈರು ವಾಲಿತು. ಅದನ್ನು ಸರಿಯಾಗಿ ನಿಲ್ಲಿಸಿ, "ಪೆಟ್ಟಾಯ್ತಾ" ಎಂದು ಕೇಳುವ ಮಟ್ಟಕ್ಕೆ ಬಂದು, ತನ್ನ ಮೇಲೆ ತನಗೇ ಹೇಸಿಗೆಯಾಗಿ ಅಂಗಡಿಯ ಬಾಗಿಲು ಹಾಕಿ ಮನೆಗೆ ಹೋದ.

ಅವನ ಕಷ್ಟಕ್ಕೆ ಕಾರಣವಿತ್ತು. ಅವನೂ ಹಿರಿಯ ಮಗನೇ. ಅವನನ್ನೂ ಅಜ್ಜನೇ ಬೆಳೆಸಿದ್ದ. ಅಜ್ಜ ಅವನಿಗೆ ಯಾವುದಕ್ಕೂ ಬೇಡ ಎಂದವನಲ್ಲ. ಅಸನ್‌ಕುಲ್ ಆಗ ಇಪ್ಪತ್ತು ದಾಟಿದ ಹುಡುಗ. ಅದೇ ಅಂಗಳದ ಇನ್ನೊಂದು ಮನೆಯಲ್ಲಿದ್ದ. ಹಿರಿಯರ ಮುಂದೆ ಸ್ವಂತ ಕೂಸನ್ನು ಎತ್ತಿಕೊಳ್ಳುವುದು ನಾಚಿಕೆಗೇಡು ಎಂದು ಎತ್ತಿಕೊಳ್ಳುತ್ತಿರಲಿಲ್ಲ. ಮೇದೆರ್ ಅವನನ್ನು ಅಣ್ಣ ಎನ್ನುತ್ತಿದ್ದ, ಈಗಲೂ ಅಣ್ಣ ಎನ್ನುತ್ತಾನೆ. ಒಮ್ಮೆ ಮೇದೆರ್ ಆಟವಾಡುತ್ತ ಹುಲ್ಲಿನ ಬಣವೆಗೆ ಬೆಂಕಿ ಹಚ್ಚಿದ. ಅಸನ್‌ಕುಲ್ ಓಡಿ ಬಂದು ಹೊಡೆಯಲು ಕೈ ಎತ್ತಿದ. ಒಳಗಿನಿಂದ ಮುದುಕ ಕೆಮ್ಮಿದ. ಎತ್ತಿದ ಕೈ ಅಲ್ಲೇ ನಿಂತು, ಮೆಲ್ಲಗೆ ತನ್ನ ಟೋಪಿಯ ಕಡೆ ಹೋಗಿ, ತಲೆ ಕೆರೆಯಿತು. ಅಪ್ಪನ ಕಡೆಯಿಂದ ಮೇದೆರ್ ಕಂಡ ಶಿಕ್ಷೆ ಅದೊಂದೇ. ಮುಂದೆ ತನಗೆ ಸಿಟ್ಟು ಬಂದಾಗಲೆಲ್ಲ ಅವನ ಕೈಯೂ ಟೋಪಿಗೇ ಹೋಗುತ್ತಿತ್ತು.

ಸಂಜೆ ಬೆಕ್ತೆನ್ ತನ್ನ ಜಾಗದಲ್ಲಿ ಕೂತಿದ್ದ. ಸೈರಾ ಅಡುಗೆಮನೆಯಿಂದ ಕಣ್ಣು ಬಿಟ್ಟು ಗಂಡನಿಗೆ ಸನ್ನೆ ಮಾಡಿದಳು. ಮೇದೆರ್ ಮಗನ ಮುಂದೆ ನಿಂತ.

"ಬೆಕ್ತೆನ್."

"ಏನಣ್ಣ?"

"ನಿಂಗೆ..." ಕೈ ಟೋಪಿಗೆ ಹೋಯಿತು. "ನಿಂಗೆ ಊಟ ಆಯ್ತಾ?"

ಅಡುಗೆಮನೆಯಲ್ಲಿ ಏನೋ ಬಿದ್ದ ಸದ್ದಾಯಿತು.

"ಆಯ್ತು. ನೀನು ಬೇರೇನೋ ಹೇಳೋಕೆ ಬಂದಿದೀಯ ಮೇದೆರಣ್ಣ. ಕೂತ್ಕೊಂಡು ಹೇಳು. ಶಾಲೆ ವಿಷಯ ತಾನೆ? ಅಪ್ಪನ್ನ ಕರ್ಕೊಂಡು ಬಾ ಅಂದ್ರು. ಆಗಲೇ ಫೋನು ಮಾಡಿದೀನಿ. ಅಪ್ಪ ನಾಳೆ ಬೆಳಿಗ್ಗೆ ಕುದುರೆ ಮೇಲೆ ಬರ್ತಾರೆ."

ಮೇದೆರ್ ಕೂತುಕೊಂಡ. ನಿಂತಿರಲು ಯಾವ ಕಾರಣವೂ ಉಳಿದಿರಲಿಲ್ಲ.

"ನೀನೂ ಬೇಕಾದ್ರೆ ಬಾ," ಎಂದ ಬೆಕ್ತೆನ್ ಸಮಾಧಾನ ಮಾಡುವವನಂತೆ. "ಅಣ್ಣ ಇದ್ರೂ ಒಂದು ಬಲ."

ಮರುದಿನ ಮೇದೆರ್ ಶಾಲೆಗೆ ಹೋಗುವ ಹೊತ್ತಿಗೆ ಅಸನ್‌ಕುಲ್‌ನ ಬೂದು ಕುದುರೆ ಬಾವುಟದ ಕಂಬಕ್ಕೆ ಕಟ್ಟಿಸಿಕೊಂಡು, ಕಾವಲುಗಾರನ ಪೊರಕೆಯನ್ನು ತಿನ್ನುತ್ತಿತ್ತು. ಹದಿನಾಲ್ಕು ವರ್ಷದ ಹಿಂದೆ ಬೆಕ್ತೆನ್‌ನನ್ನು ಹೊತ್ತುಕೊಂಡು ಹೋದ ಕುದುರೆಯ ಮರಿ ಇದು. ಅಸನ್‌ಕುಲ್‌ಗೆ ಈಗ ಬೇರೆ ಕುದುರೆ ಇರಲಿಲ್ಲ, ಈ ಕುದುರೆಗೂ ಅವನನ್ನು ಬಿಟ್ಟರೆ ಯಾರೂ ಇರಲಿಲ್ಲ.

ಒಳಗೆ ಹೋದರೆ ಮುಖ್ಯೋಪಾಧ್ಯಾಯಿನಿಯ ಕುರ್ಚಿಯಲ್ಲಿ ಅಸನ್‌ಕುಲ್ ಕೂತಿದ್ದ. ಬಾಗಿಲಿಗೆ ಎದುರಾಗಿದ್ದದ್ದು ಅದೊಂದೇ. ಬಂದವನು ಅಲ್ಲಿಗೇ ಹೋಗಿ ಕೂತನಂತೆ, ಏಳಿ ಎನ್ನಲು ಯಾರಿಗೂ ಬಾಯಿ ಬರಲಿಲ್ಲ. ತಾಜಿಗುಲ್ ಮೇಡಂ ದಪ್ಪ ಹೆಂಗಸು, ವಿದ್ಯಾರ್ಥಿಗಳ ಸ್ಟೂಲಿನ ಮೇಲೆ ತುದಿಯಲ್ಲಿ ಕೂತಿದ್ದರು. ಚರ್ಮದ ಜಾಕೆಟ್ಟಿನ ಬೊಲೊತ್‌ಬೆಕ್ ಕಿಟಕಿಯ ಬಳಿ ನಿಂತಿದ್ದ. ಬೆಕ್ತೆನ್ ಅಸನ್‌ಕುಲ್‌ನ ಬಲಗಡೆ. ಮೇದೆರ್ ಬಾಗಿಲ ಪಕ್ಕ ನಿಂತುಕೊಂಡ.

"ಸರಿ," ಎಂದರು ಮೇಡಂ. "ಹುಡುಗನ ಅಪ್ಪ ಯಾರು?"

"ಇವರು," ಎಂದ ಬೆಕ್ತೆನ್, ಅಸನ್‌ಕುಲ್‌ನನ್ನು ತೋರಿಸಿ.

"ನಾನು," ಎಂದ ಮೇದೆರ್.

"ಇವನು ನಮ್ಮಣ್ಣ," ಎಂದ ಬೆಕ್ತೆನ್.

"ನೀವು ಇವರಿಗೆ ಏನಾಗ್ಬೇಕು?" ಎಂದು ಬೊಲೊತ್‌ಬೆಕ್ ಮೇದೆರ್‌ನನ್ನು ಕೇಳಿದ.

"ಅಸನ್‌ಕುಲಣ್ಣನ ಮಗ," ಎಂದ ಮೇದೆರ್.

ಬೊಲೊತ್‌ಬೆಕ್ ಹಣೆ ಒತ್ತಿಕೊಂಡ. "ನಂಗೆ ಒಬ್ಬ ಅಪ್ಪ ಬೇಕು ಮೇಡಂ. ಯಾರಾದ್ರೂ ಸರಿ. ಒಬ್ಬ."

"ಅರ್ಥ ಆಯ್ತು ಬಿಡಿ," ಎಂದರು ತಾಜಿಗುಲ್ ಮೇಡಂ. "ನಾನೂ ಅಜ್ಜಿ ಕೈಲಿ ಬೆಳೆದೋಳೇ. ನಮ್ಮಮ್ಮನ್ನ ಈಗಲೂ ಹೆಸರು ಹಿಡಿದು ಕೂಗ್ತೀನಿ. ನಾನು ಕೂಗಿದಾಗೆಲ್ಲ ಅವರು ಬೆನ್ನು ನೆಟ್ಟಗೆ ಮಾಡ್ಕೋತಾರೆ, ಇನ್‌ಸ್ಪೆಕ್ಟರ್ ಬಂದ ಹಾಗೆ. ಇಂಥ ಮಕ್ಕಳು ಎರಡೇ ಥರ ಆಗೋದು. ಒಂದೋ ರೌಡಿ, ಇಲ್ಲಾ ಹೆಡ್‌ಮಾಸ್ಟರ್ರು. ಇವನು ಎರಡೂ ಆಗಿದಾನೆ."

ಅಸನ್‌ಕುಲ್ ಬೂಟಿನಿಂದ ಚಾವಟಿ ತೆಗೆದು ಮೇಜಿನ ಮೇಲಿಟ್ಟ. ಪಂಚಾಯ್ತಿ ಶುರು ಮಾಡುವಾಗ ಅವನು ಹಾಗೆ ಮಾಡುತ್ತಿದ್ದ.

"ಬೊಲೊತ್‌ಬೆಕ್, ನಿಮ್ಮ ಹುಡುಗ ಟೋಪಿನ ಎಲ್ಲಿಗೆ ಎಸೆದ?"

ಬೊಲೊತ್‌ಬೆಕ್ ಗಂಟಲು ಸರಿ ಮಾಡಿಕೊಂಡ. "ಅದು ತಪ್ಪೇ ಅಜ್ಜಾ. ಮನೇಲಿ ಬಿಸಿ ಮುಟ್ಟಿಸಿದೀನಿ. ಆದ್ರೆ ಅದಕ್ಕೆ ಸೈಕಲ್ ಕಿತ್ಕೊಳ್ಳೋದು ಅಂದ್ರೆ?"

"ಅದಕ್ಕೇ ಬಂದೆ." ಅಸನ್‌ಕುಲ್ ಬೆಕ್ತೆನ್ ಕಡೆ ತಿರುಗಿದ. "ಕುದುರೆ, ಕೋಟು ದಂಡ ಯಾವ ತಪ್ಪಿಗೆ?"

"ಮರ್ಯಾದೆ ಕಳೆದಿದ್ದಕ್ಕೆ," ಎಂದ ಬೆಕ್ತೆನ್, ಪಾಠ ಒಪ್ಪಿಸುವವನಂತೆ.

"ಹುಡುಗ ತಪ್ಪು ಮಾಡಿದ್ರೆ ಕೊಡೋದು ಯಾರು?"

"ಹುಡುಗನ ಅಪ್ಪ."

"ಮತ್ತೆ ನೀನು ಹುಡುಗನ ಕೈಯಿಂದ ತಗೊಂಡಿದೀಯ. ಅಪ್ಪನ್ನ ಕರೆಸಿದ್ಯಾ? ಕೇಳಿದ್ಯಾ?"

ಪಟ್ಟಣಕ್ಕೆ ಬಂದಾಗಿನಿಂದ ಮೊದಲ ಬಾರಿಗೆ ಬೆಕ್ತೆನ್‌ನ ಮುಖ ಹದಿನೈದು ವರ್ಷದವನ ಮುಖದ ಹಾಗಾಯಿತು.

"ಅಪ್ಪನ್ನ ಕರೀಬೇಕು ಅಂತ ಹೊಳೀಲೇ ಇಲ್ಲ," ಎಂದ.

ಹೊರಗೆ ಕಾವಲುಗಾರ ಪೊರಕೆಗಾಗಿ ಕುದುರೆಯ ಜೊತೆ ಜಗಳವಾಡುವುದು ಕೇಳಿಸುತ್ತಿತ್ತು.

"ಹೊಳೆಯೋದು ಹೇಗೆ," ಎಂದ ಅಸನ್‌ಕುಲ್ ಯಾರಿಗೂ ಅಲ್ಲದಂತೆ. ಆಮೇಲೆ ದನಿ ಏರಿಸಿದ. "ತಪ್ಪು ನ್ಯಾಯ ಹೇಳಿದವನು ಅದೇ ದಂಡ ವಾಪಸ್ ಕೊಡಬೇಕು. ಬೊಲೊತ್‌ಬೆಕ್, ನಿಮಗೆ ಒಂದು ಕುದುರೆ, ಒಂದು ಕೋಟು. ಒಪ್ಕೋತೀರಾ, ಇಲ್ಲ ಬೇಡ ಅಂತೀರಾ?"

ಬೊಲೊತ್‌ಬೆಕ್‌ಗೆ ಬೇಕಾಗಿದ್ದದ್ದು ಒಂದು ಸೈಕಲ್ಲು. ಆದರೆ ಹಿರಿಯನೊಬ್ಬ ಕುದುರೆ, ಕೋಟು ಮುಂದಿಟ್ಟು ರಾಜಿ ಕೇಳಿದಾಗ ಬೇಡ ಎಂದವನ ಕೆಟ್ಟ ಹೆಸರು ಅವನ ಮೊಮ್ಮಕ್ಕಳವರೆಗೂ ಉಳಿಯುತ್ತದೆ. "ಒಪ್ಕೋತೀನಿ ಅಜ್ಜಾ," ಎಂದ ಸಣ್ಣ ದನಿಯಲ್ಲಿ. "ಆದ್ರೆ ನಮ್ಮದು ಏಳನೇ ಮಹಡಿ."

"ಕೊಡಬೇಕಾದವನು ಹುಡುಗನ ಅಪ್ಪ," ಎಂದರು ತಾಜಿಗುಲ್ ಮೇಡಂ. "ಕೊಟ್ಟವನೇ ಹೊಣೆ. ಅವನ ಹೆಸರೇ ನನ್ನ ಕಡತಕ್ಕೆ ಹೋಗೋದು. ಒಬ್ಬನದು. ಯಾರು?"

ಅಸನ್‌ಕುಲ್‌ನ ಕೈ ಚಾವಟಿಯ ಮೇಲಿತ್ತು. ಹೊರಗಿನ ಕುದುರೆ ಅವನದು. ಅವನು ಎದ್ದು ನಾನು ಎಂದರೆ ಮುಗಿಯಿತು, ಹುಡುಗನೂ ಅವನ ಬೆನ್ನು ಹಿಡಿದು ಮತ್ತೆ ಹಳ್ಳಿಗೆ ಹೋಗುತ್ತಾನೆ. ಮೇದೆರ್‌ಗೆ ಅದು ಗೊತ್ತಾಯಿತು. ಅವನ ಕೈ ಟೋಪಿಯ ಕಡೆ ಹೊರಟಿತು. ಅರ್ಧ ದಾರಿಯಲ್ಲಿ, ಯಾಕೋ, ಕೋಟಿನ ಗುಂಡಿಗೆ ಹೋಯಿತು. ಚಳಿಗಾಲಕ್ಕೆಂದು ಇದ್ದದ್ದು ಅದೊಂದೇ ಕೋಟು. ಬಿಚ್ಚಿ ಮೇಜಿನ ಮೇಲಿಟ್ಟ.

"ಕೋಟು ಇದು," ಎಂದ. "ಅಪ್ಪ ನಾನು."

"ಕುದುರೆ?" ಎಂದ ಅಸನ್‌ಕುಲ್.

"ಇಲ್ಲ. ಟೈರುಗಳಿವೆ."

ಬೆಕ್ತೆನ್ ಒಮ್ಮೆ ಇವನ ಮುಖ, ಒಮ್ಮೆ ಅವನ ಮುಖ ನೋಡಿದ. ಅಸನ್‌ಕುಲ್ ಕೋಟನ್ನು ಹತ್ತಿರಕ್ಕೆ ಎಳೆದುಕೊಂಡ. ತೋಳಿನ ಹತ್ತಿರ ಗ್ರೀಸಿನ ಕಲೆಯಿತ್ತು. ಅದನ್ನು ಉಗುರಿನಿಂದ ಕೆರೆದು ನೋಡಿದ, ಹೋಗಲಿಲ್ಲ.

"ಮೇದೆರ್," ಎಂದ. "ನಿನ್ನ ಸುನ್ನತಿ ದಿನ ನಿಂಗೆ ಕುದುರೆ ಕೊಟ್ಟಿದ್ದು ನಿಮ್ಮಜ್ಜ. ನಾನು ಲಗಾಮು ಹಿಡ್ಕೊಂಡು ನಿಂತಿದ್ದೆ. ನಾನು ಕೊಡಬೇಕಾಗಿದ್ದು ಹಾಗೇ ಉಳಿದಿದೆ. ಹೊರಗಡೆ ಇದೆ, ತಗೋ. ಪೊರಕೆ ತಿಂದಿದೆ, ಇವತ್ತು ನೀರು ಜಾಸ್ತಿ ಕುಡಿಸ್ಬೇಕು."

ಹೀಗೆ ಕುದುರೆ ಒಂದು ಕ್ಷಣ ಮೇದೆರ್‌ನದಾಯಿತು, ಮರುಕ್ಷಣ ಬೊಲೊತ್‌ಬೆಕ್‌ನದಾಯಿತು.

"ಸರಿ ಅಣ್ಣ," ಎಂದ ಮೇದೆರ್. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ಬೇರೆ ಶಬ್ದ ಹೇಳಲು ನೋಡಿದ. "ಅಪ್..." ಎಂದ, ಅಲ್ಲಿಗೆ ಕೆಮ್ಮು ಬಂತು.

"ಬಿಡು, ಕಷ್ಟಪಡಬೇಡ," ಎಂದ ಅಸನ್‌ಕುಲ್, ಚಾವಟಿಯನ್ನು ಬೂಟಿಗೆ ಸಿಕ್ಕಿಸಿಕೊಳ್ಳುತ್ತ. "ನಂಗೂ ನಿಮ್ಮಜ್ಜನ್ನ ಹಾಗೆ ಕರೆಯೋಕೆ ಬರಲಿಲ್ಲ. ನಾನೂ ಹಿರೀ ಮಗನೇ ಅಲ್ವಾ."

ತಾಜಿಗುಲ್ ಮೇಡಂ ಕಡತದಲ್ಲಿ ಬರೆದುಕೊಂಡರು. ತಮ್ಮ ಕುರ್ಚಿ ವಾಪಸ್ ಸಿಕ್ಕ ಮೇಲೆ ಮೂಗು ಒರೆಸಿಕೊಂಡು, ಎಲ್ಲರನ್ನೂ ಹೊರಗೆ ಕಳಿಸಿದರು. ಬೊಲೊತ್‌ಬೆಕ್ ಚರ್ಮದ ಜಾಕೆಟ್ಟಿನ ಮೇಲೆ ಗ್ರೀಸಿನ ಕೋಟು ಹಾಕಿಕೊಂಡು, ಕುದುರೆಯನ್ನು ನಡೆಸಿಕೊಂಡು ಹೋಗಿ, ತನ್ನ ಕಟ್ಟಡದ ಕೆಳಗೆ ಮಕ್ಕಳ ಜೋಕಾಲಿಗೆ ಕಟ್ಟಿದ. ಸಂಜೆಯೊಳಗೆ ಕಟ್ಟಡದ ಹೆಂಗಸರೆಲ್ಲ ಕೆಳಗಿಳಿದು ಅವನಿಗೆ ಬೈಯುತ್ತಿದ್ದರೆಂದು ಆಮೇಲೆ ಸುದ್ದಿ ಬಂತು. ಅಸನ್‌ಕುಲ್ ಹಳ್ಳಿಗೆ ಹೋಗುವ ವ್ಯಾನು ಹತ್ತಿದ. ಕುದುರೆಯೇ ಇಲ್ಲದ ಚಾವಟಿಯನ್ನು ತೊಡೆಯ ಮೇಲಿಟ್ಟುಕೊಂಡು, ಕಿಟಕಿಯ ಪಕ್ಕ ಕೂತು, ಚಾಲಕನಿಗೆ ದಾರಿ ಹೇಳಲು ಶುರು ಮಾಡಿದ.

ಮೇದೆರ್, ಬೆಕ್ತೆನ್ ನಡೆದುಕೊಂಡು ಮನೆಗೆ ಹೊರಟರು. ನದಿಯ ಕಡೆಯಿಂದ ಗಾಳಿ ಬೀಸುತ್ತಿತ್ತು. ಮೇದೆರ್ ಅಂಗಿಯಲ್ಲಿದ್ದ.

"ಮೇದೆರಣ್ಣ," ಎಂದ ಬೆಕ್ತೆನ್ ಸ್ವಲ್ಪ ದೂರ ಹೋದ ಮೇಲೆ. "ಕೋಟು ಹೋಯ್ತಲ್ಲ."

"ಹೋಯ್ತು."

"ತಪ್ಪು ನಂದು."

"ಮತ್ಯಾರದು?" ಎಂದ ಮೇದೆರ್. ಚಳಿಗೆ ಅವನ ಹಲ್ಲು ಕಟಕಟ ಎನ್ನುತ್ತಿತ್ತು. "ಪಂಚಾಯ್ತಿ ಮಾಡ್ತಾನಂತೆ ಪಂಚಾಯ್ತಿ. ಮೂಗು ಒರೆಸ್ಕೊಳ್ಳೋಕೆ ಬರಲ್ಲ, ಜಗತ್ತಿಗೆಲ್ಲ ನ್ಯಾಯ ಹೇಳ್ತಾನೆ ಕತ್ತೆ. ಮನೇಲಿ ಮುದುಕನ ಹಾಗೆ ಕೂತ್ಕೊಂಡು ಮೊಣಕಾಲು ನೋವಂತೆ. ಯಾವ ಮೊಣಕಾಲು? ಎಡಗಡೆದಾ, ಬಲಗಡೆದಾ? ನಿಮ್ಮತ್ತಿಗೆ, ಅಲ್ಲ, ನಿಮ್ಮಮ್ಮ, ಅವಳು ತುಂಬಿದ ಬಟ್ಟಲು ಕೊಟ್ರೆ ತುಂಬಿದ ಬಟ್ಟಲು ಕುಡೀಬೇಕು. ತಿಳೀತಾ? ಆ ಕುದುರೆ ಹುಟ್ಟಿದಾಗ ನಾನು ಇದ್ದೆ. ನಾನೇ ಒರೆಸಿ ನಿಲ್ಲಿಸಿದ್ದು..."

ಬೈಯುತ್ತಿದ್ದೇನೆ ಎಂದು ಅವನಿಗೆ ಅಂಚೆ ಕಚೇರಿ ದಾಟಿದ ಮೇಲೆ ಗೊತ್ತಾಯಿತು. ಗೊತ್ತಾದ ಮೇಲೂ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಚಳಿ ಹೆಚ್ಚಾಗುತ್ತಿತ್ತು. ಬೆಕ್ತೆನ್ ಒಂದು ಹೆಜ್ಜೆ ಹಿಂದೆ ನಡೆದುಕೊಂಡು ಬರುತ್ತಿದ್ದ. ರೊಟ್ಟಿ ಅಂಗಡಿ ಬಂದಾಗ ಮೇದೆರ್ ಕೈ ತೋರಿಸಿದ. ಬೆಕ್ತೆನ್ ಒಳಗೆ ಹೋಗಿ ರೊಟ್ಟಿ ತಂದ.

ಮನೆಗೆ ಬಂದು ಬೂಟು ಬಿಚ್ಚುತ್ತಲೇ ಬೆಕ್ತೆನ್, "ಅತ್ತಿಗೆ, ಮೇದೆರಣ್ಣ ನಂಗೆ ಬೈದ," ಎಂದ. ದೂರು ಹೇಳುವ ದನಿಯಲ್ಲ. ಕುಸ್ತಿಯಲ್ಲಿ ಬಹುಮಾನ ಬಂದವನ ಸುದ್ದಿ ಹೇಳುವ ದನಿ. "ದಾರಿ ಪೂರ್ತಿ ಬೈದ."

ಸೈರಾ ಗಂಡನ ಮುಖ ನೋಡಿದಳು, ಅವನ ಅಂಗಿ ನೋಡಿದಳು. "ಕೋಟೆಲ್ಲಿ?" ಎಂದಳು.

ಮೇದೆರ್ ಒಲೆಯ ಹತ್ತಿರ ಕೂತು ಎಲ್ಲ ಹೇಳಿದ. ಆ ಒಂದು ಬೈಗುಳಕ್ಕೆ ಖರ್ಚಾದದ್ದು ಇಷ್ಟು: ಒಂದು ಟೋಪಿ, ಒಂದು ಸೈಕಲ್ಲು, ಒಂದು ಜಾಕೆಟ್ಟು, ಒಂದು ಕೋಟು, ಒಂದು ಕುದುರೆ, ಮೂವರು ಅಪ್ಪಂದಿರು.